ಫಿಲ್ಟರಿನ ಬಿರುಕು

ಗಾಳಿ ಬಿದ್ದುಹೋಗಿ ಹಾಯಿ ಜೋತುಬಿದ್ದಿತ್ತು. ನೀರಿನ ಸೆಳೆತ ಹಾಯಿದೋಣಿಯನ್ನು ಬಂಡೆಗಳತ್ತ ಒಯ್ಯುತ್ತಿತ್ತು. ದೋಣಿಯಲ್ಲಿದ್ದದ್ದು ಗಂಡ, ಹೆಂಡತಿ ಇಬ್ಬರೇ. ಉಳಿದಿದ್ದ ಒಂದೇ ಆಸರೆ ಎಂಜಿನ್. ಅದರ ಡೀಸೆಲ್ ಫಿಲ್ಟರ್ ಬಿರುಕುಬಿಟ್ಟು ಸೋರುತ್ತಿತ್ತು. ಸೋಪು ಮೆತ್ತಿದ್ದಾಯಿತು, ರಬ್ಬರ್ ಸುತ್ತಿದ್ದಾಯಿತು, ಸೋರುವುದು ನಿಲ್ಲಲಿಲ್ಲ. ಕೊನೆಗೆ ಗಂಡ ಕೆಳಗೆ ಎಂಜಿನ್ನಿನ ಪಕ್ಕ ಮುದುಡಿ ಕೂತು, ಬಿರುಕನ್ನು ಅಂಗೈಯಿಂದಲೇ ಒತ್ತಿ ಹಿಡಿದ. ಎಂಜಿನ್ ಓಡತೊಡಗಿತು. ಕೈ ತೆಗೆದರೆ ನಿಲ್ಲುತ್ತಿತ್ತು.

ಮೇಲೆ ಚುಕ್ಕಾಣಿ ಹಿಡಿದಿದ್ದ ಹೆಂಡತಿ ಕೂಗಿದಳು: "ಕೈ ಬಿಡ್ಬೇಡಿ ಮಾರಾಯ್ರೆ!"

"ಇಲ್ಲ ಮಾರಾಯ್ತಿ, ಹಿಡ್ಕೊಂಡೇ ಇದ್ದೇನೆ!"

ದೊಡ್ಡ ತೆರೆಯೊಂದಕ್ಕೆ ದೋಣಿ ಪೂರ್ತಿ ವಾಲಿ ಮತ್ತೆ ಎದ್ದಿತು. ಅವನ ತಲೆ ಹಲಗೆಗೆ ಬಡಿಯಿತು; ಕೈ ಮಾತ್ರ ಕದಲಲಿಲ್ಲ.

"ಓಯ್... ಕೈ ಬಿಡ್ಬೇಡಿ!"

"ಬಿಡುದಿಲ್ಲ! ಬಂಡೆ ದಾಟಿತಾ?"

ಉತ್ತರ ಬರಲಿಲ್ಲ. ಬೆರಳುಗಳು ಜೋಮು ಹಿಡಿದಿದ್ದವು, ಡೀಸೆಲ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಎದ್ದು ನೋಡುವಂತಿರಲಿಲ್ಲ. ಹಲ್ಲು ಕಚ್ಚಿ ಇನ್ನೂ ಬಲವಾಗಿ ಒತ್ತಿದ. ದೋಣಿ ಜೋರಾಗಿ ಮುಂದೆ ಸಾಗಿತು.

"ನನ್ನ ಕೈ ಬಿಡ್ಬೇಡೀ..."

ಈ ಸಲ ಕೂಗು ಬಂದದ್ದು ದೋಣಿಯ ಹಿಂದಿನಿಂದ, ದೂರದ ನೀರಿನಿಂದ.