ಚಂದ್ರನಲ್ಲಿ ವಾರ್ಷಿಕ ದನಿ ತಪಾಸಣೆ

ಚಂದ್ರನಲ್ಲಿ ನೆಲೆಸಿದ ನಿವೃತ್ತರು ವರ್ಷಕ್ಕೊಮ್ಮೆ ಯಂತ್ರದ ಮುಂದೆ ತಮ್ಮ ಹಳೆಯ ದನಿಯಲ್ಲೇ ಮಾತಾಡಬೇಕು. ತಪ್ಪಿದರೆ ವಾಸದ ಪರವಾನಗಿ ರದ್ದು. ಇಲ್ಲಿನ ಗುಮ್ಮಟದೊಳಗಿನ ಕೃತಕ ಗಾಳಿಗೆ ವಾಮನರಾಯರ ದನಿ ಕೀರಲಾಗಿತ್ತು. ಎರಡು ಸಲ ಕೆಂಪು ದೀಪ ಹತ್ತಿತು. ಉಳಿದಿದ್ದು ಒಂದೇ ಅವಕಾಶ.

ಹೆಂಡತಿ ಯಮುನಾಬಾಯಿ ಮುಂದೆ ಬಾಗಿ, ಗಂಡನ ಹಳೆಯ ಗಡಸು ದನಿಯಲ್ಲಿ, "ಏ ಯಮುನಾ, ಚಹಾ ಎಲ್ಲೇ?" ಎಂದರು.

ಹಸಿರು ದೀಪ!

ಮುಂದಿನ ಸರದಿ ಯಮುನಾಬಾಯಿಯದೇ. ಆದರೆ ಅವರ ಗಂಟಲು ಈಗಷ್ಟೇ ರಾಯರದೆಂದು ದಾಖಲಾಗಿತ್ತು. ಯಂತ್ರ ಒಪ್ಪಲಿಲ್ಲ.

"ಈಗ ನೀವು ನನ್ನಂಗ ಮಾತಾಡ್ರಿ."

"ನನಗೆಲ್ಲಿ ಬರ್ತದ?"

"ನಲ್ವತ್ತು ವರ್ಷ ಬೈಸ್ಕೊಂಡೀರಲ್ಲ, ಅದನ್ನೇ ಅನ್ರಿ!"

ರಾಯರು ಯಂತ್ರದತ್ತ ಬಾಗಿ ಕೀರಲು ದನಿಯಲ್ಲಿ ಅಂದರು: "ಅಲ್ರೀ, ಮತ್ತ ಚಷ್ಮಾ ಎಲ್ಲಿ ಒಗದ್ರಿ?"

ಹಸಿರು. ಇಬ್ಬರೂ ಕೈ ಹಿಡಿದುಕೊಂಡು ಹೊರಬಂದರು, ಒಂದೇ ಅಳುಕಿನಲ್ಲಿ: ಮುಂದಿನ ವರ್ಷ ಒಬ್ಬರೇ ಉಳಿದಿದ್ದರೆ?