ಹೊಸಿಲು ದಾಟಿದವಳು

ಹೆತ್ತವಳನ್ನು ಕಂಡು ಒಂದೇ ಒಂದು ಮಾತು ಕೇಳಬೇಕೆಂದು ವನಮಾಲಾ ತಾನು ಹುಟ್ಟಿದ ಊರನ್ನು ಹುಡುಕಿಕೊಂಡು ಬಂದಿದ್ದಳು: ಹಸಿಗೂಸನ್ನು ಯಾರ ಕೈಗೋ ಕೊಟ್ಟುಬಿಡಲು ಮನಸ್ಸಾದರೂ ಹೇಗೆ ಬಂತು?

ಮನೆಯಲ್ಲಿ ಹೆತ್ತಪ್ಪನ ತಾಯಿ ಒಬ್ಬಳೇ ಇದ್ದಳು. ಬಂದವಳು ಯಾರೆಂದು ತಿಳಿದದ್ದೇ ತಡ, ಮುದುಕಿ ಅವಳ ಕೆನ್ನೆ ಸವರಿ ನೆಟಿಕೆ ಮುರಿದಳು.

"ನಿಮ್ಮವ್ವ ಹುಲ್ಲಿಗೆ ಹೋಗವ್ಳೆ, ಬತ್ತಾಳೆ. ಅವ್ಳೇ ಕಣವ್ವ, ನಾನು ಮಲಗಿದ್ದಾಗ ನಿನ್ನ ಹಿತ್ಲು ಬಾಗ್ಲಿಂದ ಸಾಗಿಸಿಬಿಟ್ಳು. ನಂಗೆ ಎಚ್ಚರ ಇದ್ದಿದ್ರೆ ಈ ಹೊಸ್ಲು ದಾಟಕ್ಕೆ ಬಿಡ್ತಿದ್ನಾ?"

ವನಮಾಲಾ ಮುದುಕಿಯ ಕೈ ಹಿಡಿದುಕೊಂಡಳು. ತಾನು ಬೇಕೆಂದವರು ಈ ಮನೆಯಲ್ಲಿ ಒಬ್ಬರಾದರೂ ಇದ್ದರಲ್ಲ.

"ನಂಗೆ ಅಕ್ಕ ತಂಗಿ ಯಾರೂ ಇಲ್ವಾ ಅಜ್ಜಿ?"

"ಈ ಮನೇಲಿ ಹೆಣ್ಣು ನಿಲ್ಲಲೇ ಇಲ್ಲ ಮಗ." ಮುದುಕಿ ಒಳಗೆ ಹೋಗಿ ಲೋಟದ ತುಂಬ ಹಾಲು ತಂದಳು. "ನೀನು ಇಲ್ಲಿಗೆ ಬಂದಿರೋದು ಯಾರಿಗಾರ ಗೊತ್ತಾ?"

"ಯಾರಿಗೂ ಹೇಳಿಲ್ಲ."

"ಕುಡಿ ಮಗ, ಆರೋಗ್ತದೆ."

ಎರಡು ಗುಟುಕು ಒಳಗೆ ಹೋಗಿತ್ತು. ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬಾಗಿಲಲ್ಲಿ ಕಾಣಿಸಿಕೊಂಡಳು. ವನಮಾಲಾಳದೇ ಹಣೆ, ಅದೇ ಮೂಗು.

"ನಿನ್ ಮಗಳು ಬಂದವ್ಳೆ ನೋಡೇ" ಎಂದಳು ಮುದುಕಿ.

ತಾಯಿ ಹೊರೆಯನ್ನು ಅಲ್ಲೇ ಕೆಡವಿ ಓಡಿಬಂದಳು. ಮಗಳ ಮುಖವನ್ನೂ ನೋಡದೆ ಲೋಟ ಕಿತ್ತುಕೊಂಡು ಹಾಲನ್ನು ಅಂಗಳಕ್ಕೆ ಚೆಲ್ಲಿದಳು.

"ಒಂದು ಲೋಟ ಹಾಲಿಗೂ ಬೇಡವಾದ್ನಾ ನಾನು?" ವನಮಾಲಾ ಚೀರಿದಳು.

ತಾಯಿ ಮಗಳನ್ನು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡಳು.

"ನಿನ್ನ ಮೂರು ಜನ ಅಕ್ಕಂದಿರೂ ಹುಟ್ಟಿದ ದಿನ ನಮ್ಮತ್ತೆ ಕೈಯಿಂದ್ಲೇ ಹಾಲು ಕುಡುದ್ರು ಕಣವ್ವ."