ಜಗಲಿಯ ಮೂರು ದಿನ

ಬೆಳಿಗ್ಗೆ ಮುಟ್ಟಾದ ಶೈಲಜಾ ಚಾಪೆ ಹಿಡಿದು ಜಗಲಿಗೆ ಬಂದರೆ, ಅತ್ತೆ ಚಿಕ್ಕಮುನಿಯಮ್ಮ ಆಗಲೇ ಅಲ್ಲಿ ಮಲಗಿದ್ದಳು.

“ನಿಮಗೆ ನಿಂತು ವರ್ಷ ಆಯ್ತಲ್ಲ ಅತ್ತೆ?”

“ಮೆಲ್ಲಗೆ ಕಣಮ್ಮ. ನಿಮ್ಮ ಮಾವಂಗೆ ಗೊತ್ತಿಲ್ಲ. ಸೊಂಟ ಬಿದ್ದೋಗೈತೆ. ಈ ಮೂರು ದಿನ ಬಿಟ್ರೆ ನಂಗ್ಯಾವ ರಜಾ ಐತೆ?”

ಮುಟ್ಟಾದವರು ಹುಳುಮನೆಯ ಒಳಗೆ ಬಂದರೆ ರೇಷ್ಮೆಹುಳುಗಳು ಸಾಯುತ್ತವೆ ಎಂಬುದು ಆ ಮನೆಯ ನಂಬಿಕೆ. ಸೊಪ್ಪು ಹಾಕುವವರು ಇವರಿಬ್ಬರೇ. ಒಬ್ಬಳು ಹೊರಗಾದರೆ ಇನ್ನೊಬ್ಬಳು ದುಡಿಯಬೇಕು.

ಹುಳುಮನೆಯಿಂದ ಮಾವ ಪಾಪಯ್ಯ ಕೂಗಿದ: “ಶೈಲಮ್ಮಾ, ಸೊಪ್ಪು ತಾರಮ್ಮ, ಹುಳ ಹಸ್ಕೊಂಡವೆ!”

ಶೈಲಜಾ ಅತ್ತೆಯ ಮುಖ ನೋಡಿದಳು. ಅತ್ತೆ ಏಳಲಿಲ್ಲ.

“ಬಂದೆ ಮಾವ” ಎಂದು ಶೈಲಜಾ ಚಾಪೆಯನ್ನು ಮೂಲೆಗಿಟ್ಟಳು. ಹೊಟ್ಟೆನೋವಿಗೆ ಹಲ್ಲು ಕಚ್ಚಿ, ಸೊಪ್ಪಿನ ಮಂಕರಿ ಹೊತ್ತು ಹುಳುಮನೆಯ ಹೊಸ್ತಿಲು ದಾಟಿದಳು.

ಚಿಕ್ಕಮುನಿಯಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.